ಮಳೆಯಿಲ್ಲದ ತಿಂಗಳಲ್ಲಿ ಹಳ್ಳದ ನೀರು

ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿಯಿಂದ ಅಂಬಿಕಾನಗರಕ್ಕೆ ಹೋಗುವ ಹಾದಿಯಲ್ಲಿ ಕುಳಗಿ ಎಂಬ ಊರಿದೆ. ಅರಣ್ಯ ಇಲಾಖೆಯ ನಿಸರ್ಗ ಶಿಬಿರವಿರುವುದು ಇಲ್ಲಿಯೇ. ಏಪ್ರಿಲ್ ತಿಂಗಳಿನ ಮಧ್ಯಾಹ್ನ ಈ ಭಾಗದ ಕಾಡನ್ನು ಹೊಕ್ಕವರಿಗೆ ಮೊದಲು ಕಾಣುವುದು ಒಣಗಿದ ನೆಲ. ತೇಗದ ಮರಗಳು ಎಲೆ ಕಳಚಿ ನಿಂತಿರುತ್ತವೆ. ಕಾಲಿಟ್ಟಲ್ಲೆಲ್ಲ ತರಗೆಲೆಗಳು ಚರಚರನೆ ಸದ್ದು ಮಾಡುತ್ತವೆ. ಆದರೆ ಇಳಿಜಾರನ್ನು ಇಳಿಯುತ್ತ ಕಣಿವೆಯ ತಳಕ್ಕೆ ಬಂದೊಡನೆ ನೋಟವೇ ಬದಲಾಗುವುದುಂಟು. ಅಲ್ಲಿ ಅತ್ತಿ, ನೇರಳೆ, ಹೊಳೆಮತ್ತಿಗಳು ಹಸುರಾಗಿ ನಿಂತಿರುತ್ತವೆ; ಗಾಳಿ ತಂಪಾಗಿರುತ್ತದೆ; ಕಲ್ಲುಗಳ ನಡುವೆ, ಮೊಣಕಾಲಿನವರೆಗೂ ಬಾರದ ಸಣ್ಣದೊಂದು ಹಳ್ಳ ಹರಿಯುತ್ತಿರುತ್ತದೆ.

ನಾವು ಇಂಥ ಹಳ್ಳವನ್ನು ಕಂಡು ಕಾಲು ತೊಳೆದುಕೊಂಡು ಮುಂದೆ ಹೋಗುತ್ತೇವೆ. ಆದರೆ ಕ್ಷಣಕಾಲ ನಿಂತು ಯೋಚಿಸಿದರೆ ಇದು ಸೋಜಿಗದ ಸಂಗತಿಯೇ ಸರಿ. ಹೇಳಿಕೊಳ್ಳುವಂಥ ಮಳೆ ಬಿದ್ದು ಐದು ತಿಂಗಳಾದುವು. ಮೇಲಿನ ಬೆಟ್ಟದಲ್ಲಿ ಕೆರೆಯಿಲ್ಲ, ಹಿಮವಿಲ್ಲ. ಹರಿಯುವ ನೀರಾದರೋ ಒಂದು ನಿಮಿಷವೂ ನಿಲ್ಲದು. ಹಾಗಿದ್ದರೆ ಈ ನೀರು ಎಲ್ಲಿಂದ ಬಂತು? ಇಷ್ಟು ದಿನ ಎಲ್ಲಿತ್ತು? ನಮ್ಮ ಮಕ್ಕಳ ಕಾಲಕ್ಕೂ ಇದು ಹೀಗೆಯೇ ಬರುವುದೆ?

ಈ ಪ್ರಶ್ನೆಗಳಲ್ಲಿ ಮೊದಲನೆಯದು ಬಹಳ ಹಳೆಯದು. ಬೆಟ್ಟದ ಒರತೆಗಳಿಗೆ ಮಳೆಯ ನೀರು ಸಾಲದು, ಸಮುದ್ರದ ನೀರೇ ಭೂಗರ್ಭದ ಗುಪ್ತ ಕಾಲುವೆಗಳ ಮೂಲಕ ಬೆಟ್ಟಗಳಿಗೆ ಏರಿ ಬರುತ್ತದೆ ಎಂದು ಯೂರೋಪಿನ ಅನೇಕ ಪಂಡಿತರು ನಂಬಿದ್ದರು. ೧೬೭೪ರಲ್ಲಿ ಪಿಯರ್ ಪೆರೋ ಎಂಬ ಫ್ರೆಂಚ್ ಮಹನೀಯನು ಊಹೆಯನ್ನು ಬಿಟ್ಟು ಲೆಕ್ಕ ಹಾಕಿದನು. ಸೇನ್ ನದಿಯ ಮೇಲ್ಭಾಗದ ಕಣಿವೆಯಲ್ಲಿ ಒಂದು ವರ್ಷ ಬೀಳುವ ಮಳೆಯೆಷ್ಟು, ಅಲ್ಲಿ ನದಿ ಹೊತ್ತೊಯ್ಯುವ ನೀರೆಷ್ಟು ಎಂದು ಹೋಲಿಸಿದಾಗ, ಮಳೆಯ ಪ್ರಮಾಣವು ನದಿಯ ನೀರಿನ ಸುಮಾರು ಆರು ಪಟ್ಟು ಇದ್ದುದು ಕಂಡುಬಂತು. ನದಿಗೆ ಮಳೆ ಸಾಲುವುದಷ್ಟೇ ಅಲ್ಲ, ಮಿಗುತ್ತದೆ. ಅದೇ ಬಗೆಯ ಲೆಕ್ಕವನ್ನು ನಮ್ಮ ಹಳ್ಳಕ್ಕೂ ಹಾಕಿ ನೋಡಬಹುದು.

ನಾಲ್ಕು ತಾಲೂಕುಗಳ ನೆಲ

ಮೊದಲು ನೆಲದ ಪರಿಚಯ. ಜೋಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡು ಎಂಬ ಈ ನಾಲ್ಕು ತಾಲೂಕುಗಳು ಘಟ್ಟದ ಮೇಲಿನ ಕಾಡಿಗೂ ಧಾರವಾಡದ ಬಯಲಿಗೂ ನಡುವೆ ಇವೆ. ಜೋಯಿಡಾದ ಪಶ್ಚಿಮದ ಅಂಚಿನಲ್ಲಿ ಮುಂಗಾರು ಮೋಡಗಳು ಘಟ್ಟಕ್ಕೆ ತಾಗಿ ಧಾರಾಳವಾಗಿ ಸುರಿಯುತ್ತವೆ. ಪೂರ್ವಕ್ಕೆ ಸರಿದಂತೆ ಮಳೆ ಬೇಗಬೇಗನೆ ಕಡಮೆಯಾಗುತ್ತದೆ. ಹಳಿಯಾಳ, ಮುಂಡಗೋಡುಗಳಲ್ಲಿ ವರ್ಷಕ್ಕೆ ಒಂದು ಸಾವಿರ ಮಿಲಿಮೀಟರಿಗೆ ತುಸು ಮೇಲ್ಪಟ್ಟು ಮಳೆಯಾದರೆ, ಪಶ್ಚಿಮದ ಅಂಚಿನಲ್ಲಿ ಅದರ ಹಲವು ಪಟ್ಟು ಆಗುತ್ತದೆ. ಕಾಡೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಅಣಶಿಯ ಕಡೆ ನಿತ್ಯಹಸುರಿನ ಕಾಡು. ದಾಂಡೇಲಿಯ ಸುತ್ತ ಮತ್ತಿ, ನಂದಿ, ಹೊನ್ನೆ, ಬಿದಿರುಗಳ ತೇವದ ಕಾಡು. ಹಳಿಯಾಳ ಮುಂಡಗೋಡುಗಳಲ್ಲಿ ತೇಗವೇ ಮೊದಲಾದ, ಬೇಸಗೆಯಲ್ಲಿ ಎಲೆ ಉದುರಿಸುವ ಒಣಕಾಡು.

ಈ ನೆಲದ ದೊಡ್ಡ ನದಿ ಕಾಳಿ. ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟಿ, ಸುಮಾರು ೧೮೪ ಕಿಲೋಮೀಟರು ಹರಿದು, ಕಾರವಾರದಲ್ಲಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಪಾಂಢರಿ, ಕಾನೇರಿ, ತಟ್ಟಿಹಳ್ಳ ಮೊದಲಾದ ಉಪನದಿಗಳು ಅದನ್ನು ಕೂಡಿಕೊಳ್ಳುತ್ತವೆ. ಗುಂದದ ಬಳಿ ಸುಮಾರು ೩೦೦ ಅಡಿ ಎತ್ತರದ ಸಿಂಥೇರಿ ಹೆಬ್ಬಂಡೆಯನ್ನು ನೋಡಿದವರು, ಅದರ ಬುಡವನ್ನು ಕೊರೆಯುತ್ತ ಹರಿಯುವ ಕಾನೇರಿಯನ್ನೂ ನೋಡಿಯೇ ಇರುತ್ತಾರೆ. ಬಂಡೆಯ ಪೊಟರೆಗಳಲ್ಲಿ ಕಾಡುಪಾರಿವಾಳಗಳೂ ಹೆಜ್ಜೇನುಗಳೂ ಮನೆ ಮಾಡಿವೆ. ಮುಂಡಗೋಡಿನ ಕಡೆ ನೀರಿನ ದಾರಿಯೇ ಬೇರೆ. ಅಲ್ಲಿಯ ಕೆಲವು ಹಳ್ಳಗಳು ಬೇಡ್ತಿಯನ್ನು ಸೇರಿ ಅರಬ್ಬಿ ಸಮುದ್ರಕ್ಕೆ ಹೋದರೆ, ಧರ್ಮಾ ನದಿಯ ಪಾಲಿಗೆ ಬಿದ್ದ ನೀರು ವರದಾ, ತುಂಗಭದ್ರಾ, ಕೃಷ್ಣೆಯರ ಮೂಲಕ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಒಂದೇ ತಾಲೂಕಿನಲ್ಲಿ ಬಿದ್ದ ಎರಡು ಮಳೆಹನಿಗಳು ಎರಡು ಕಡಲುಗಳನ್ನು ಸೇರಬಹುದು!

ದೊಡ್ಡ ನದಿಗಳ ಹೆಸರು ಭೂಪಟದಲ್ಲಿದೆ. ಆದರೆ ಅವುಗಳನ್ನು ನದಿಯಾಗಿಸುವವು ಊರೂರಿನಲ್ಲಿ ಒಂದೊಂದು ಹೆಸರಿನಿಂದ ಕರೆಯಲ್ಪಡುವ, ಕೆಲವೊಮ್ಮೆ ಹೆಸರೇ ಇಲ್ಲದ ಸಣ್ಣ ಹಳ್ಳಗಳು. ಈ ಲೇಖನ ಅವುಗಳನ್ನು ಕುರಿತದ್ದು.

ಹಳ್ಳವನ್ನು ಅಳೆಯುವ ಬಗೆ

ಹಳ್ಳದಲ್ಲಿ ಎಷ್ಟು ನೀರು ಹರಿಯುತ್ತದೆಂದು ತಿಳಿಯಲು ದುಬಾರಿ ಉಪಕರಣ ಬೇಕಿಲ್ಲ. ಒಂದು ಅಳತೆಯ ಪಟ್ಟಿ, ಒಂದು ಗಡಿಯಾರ, ಒಂದು ಒಣಕಡ್ಡಿ ಸಾಕು. ಹಳ್ಳ ನೇರವಾಗಿ, ಸಮನಾಗಿ ಹರಿಯುವ ಐದು ಮೀಟರಿನಷ್ಟು ಜಾಗವನ್ನು ಆರಿಸಿಕೊಳ್ಳಬೇಕು. ನೀರಿನ ಅಗಲವನ್ನೂ, ನಾಲ್ಕಾರು ಕಡೆ ಆಳವನ್ನೂ ಅಳೆದು ಆಳದ ಸರಾಸರಿ ತೆಗೆಯಬೇಕು. ಅಗಲ ಒಂದು ಮೀಟರು, ಸರಾಸರಿ ಆಳ ಹತ್ತು ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ಆಗ ನೀರಿನ ಅಡ್ಡಕೊಯ್ತದ ವಿಸ್ತೀರ್ಣ ೦.೧ ಚದರ ಮೀಟರು. ಬಳಿಕ ಕಡ್ಡಿಯನ್ನು ತೇಲಿಬಿಟ್ಟು, ಐದು ಮೀಟರು ಸಾಗಲು ಅದು ಎಷ್ಟು ಕಾಲ ತೆಗೆದುಕೊಳ್ಳುವುದೆಂದು ನೋಡಬೇಕು. ಇಪ್ಪತ್ತು ಸೆಕೆಂಡು ತೆಗೆದುಕೊಂಡಿತೆನ್ನೋಣ. ಮೇಲ್ಮೈಯ ವೇಗ ಸೆಕೆಂಡಿಗೆ ೦.೨೫ ಮೀಟರು. ತಳದ ಕಲ್ಲುಗಳಿಗೆ ಉಜ್ಜುತ್ತ ಹೋಗುವ ಕೆಳಗಿನ ನೀರು ಇಷ್ಟು ವೇಗವಾಗಿ ಹರಿಯದಾದುದರಿಂದ ಇದನ್ನು ಸುಮಾರು ೦.೮ರಿಂದ ಗುಣಿಸಬೇಕು. ಸರಾಸರಿ ವೇಗ ಸೆಕೆಂಡಿಗೆ ೦.೨ ಮೀಟರು ಆಯಿತು. ವಿಸ್ತೀರ್ಣವನ್ನು ವೇಗದಿಂದ ಗುಣಿಸಿದರೆ ೦.೦೨ ಘನ ಮೀಟರು, ಎಂದರೆ ಸೆಕೆಂಡಿಗೆ ೨೦ ಲೀಟರು.

ನಾವು ಉದಾಹರಣೆಗಾಗಿ ಕಲ್ಪಿಸಿಕೊಂಡ ಈ ಹಳ್ಳ ನೋಡುವುದಕ್ಕೆ ತೀರ ಚಿಕ್ಕದು. ಹುಡುಗರು ಹಾರಿ ದಾಟಬಹುದು. ಆದರೂ ಅದು ದಿನಕ್ಕೆ ೧೭,೨೮,೦೦೦ ಲೀಟರು ನೀರನ್ನು ಸಾಗಿಸುತ್ತದೆ. ಡಿಸೆಂಬರಿನಿಂದ ಏಪ್ರಿಲಿನ ಕೊನೆಯವರೆಗಿನ ೧೫೦ ದಿನ ಇದೇ ಸರಾಸರಿಯಲ್ಲಿ ಹರಿದರೆ ಒಟ್ಟು ನೀರು ಸುಮಾರು ೨೬ ಕೋಟಿ ಲೀಟರು.

ಇನ್ನು ಮಳೆಯ ಲೆಕ್ಕ. ಒಂದು ಚದರ ಕಿಲೋಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಹತ್ತು ಲಕ್ಷ ಲೀಟರು. ಈ ಹಳ್ಳಕ್ಕೆ ನೀರೂಡುವ ಇಳಿಜಾರುಗಳೆಲ್ಲ, ಎಂದರೆ ಅದರ ಜಲಾನಯನ ಪ್ರದೇಶವೆಲ್ಲ, ಹತ್ತು ಚದರ ಕಿಲೋಮೀಟರು, ವರ್ಷದ ಮಳೆ ೨,೦೦೦ ಮಿಲಿಮೀಟರು ಎಂದಿಟ್ಟುಕೊಂಡರೆ, ಬಿದ್ದ ನೀರು ೨,೦೦೦ ಕೋಟಿ ಲೀಟರು. ಬೇಸಗೆಯಲ್ಲಿ ಹಳ್ಳ ಹರಿಯುವುದಕ್ಕೆ ಬೇಕಾದದ್ದು ಅದರಲ್ಲಿ ೨೬ ಕೋಟಿ, ಎಂದರೆ ಎಪ್ಪತ್ತೇಳರಲ್ಲಿ ಒಂದು ಪಾಲು! ಆ ನೆಲವೆಲ್ಲ ೨,೦೦೦ ಮಿಲಿಮೀಟರು ಮಳೆಯಲ್ಲಿ ಬರಿಯ ೨೬ ಮಿಲಿಮೀಟರನ್ನು ತಡೆದಿಟ್ಟುಕೊಂಡು ಹಳ್ಳಕ್ಕೆ ನಿಧಾನವಾಗಿ ಬಿಟ್ಟುಕೊಟ್ಟರೆ ಸಾಕು.

ಇದರಿಂದ ತಿಳಿದುಬರುವುದೇನೆಂದರೆ, ಬೇಸಗೆಯ ಹಳ್ಳಕ್ಕೆ ಮಳೆಯ ಪ್ರಮಾಣಕ್ಕಿಂತ ಹೆಚ್ಚಾಗಿ ಬೇಕಾದದ್ದು ವಿಳಂಬ. ಜುಲೈ ತಿಂಗಳಿನ ನೀರನ್ನು ಏಪ್ರಿಲಿನವರೆಗೆ ತಡೆದು ನಿಲ್ಲಿಸುವ ಏರ್ಪಾಡೊಂದು ಇರಬೇಕು. ಆ ಏರ್ಪಾಡು ಯಾವುದು?

ನೆಲದೊಳಗಿನ ಉಗ್ರಾಣ

ಕಾಡಿನಲ್ಲಿ ಮಳೆಯ ಹನಿ ನೇರವಾಗಿ ಮಣ್ಣಿಗೆ ಬೀಳುವುದು ಕಡಮೆ. ಅದು ಎಲೆಯಿಂದ ಎಲೆಗೆ ತಾಗಿ, ಕಾಂಡದ ಮೇಲೆ ಇಳಿದು, ಕೊನೆಗೆ ತರಗಿನ ಹಾಸಿನ ಮೇಲೆ ಬೀಳುತ್ತದೆ. ತರಗು ಇಲ್ಲದಿದ್ದರೆ ದಪ್ಪ ಹನಿಗಳ ಹೊಡೆತಕ್ಕೆ ಮೇಲ್ಮಣ್ಣು ಕದಡಿ, ಸಣ್ಣ ಕಣಗಳು ಮಣ್ಣಿನ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ತರಗಿನ ಕೆಳಗೆ ಎರೆಹುಳು, ಗೆದ್ದಲು, ಇರುವೆಗಳು ಕೊರೆದ ಬಿಲಗಳು ಇವೆ. ಸತ್ತು ಕೊಳೆತ ಬೇರುಗಳು ಬಿಟ್ಟುಹೋದ ಕೊಳವೆಗಳಿವೆ. ನೀರು ಇವುಗಳ ಮೂಲಕ ಸರಾಗವಾಗಿ ಕೆಳಗಿಳಿಯುತ್ತದೆ. ಮಣ್ಣಿನ ಕೆಳಗೆ ಬಹುಕಾಲದಿಂದ ಮೆತ್ತಗಾಗಿ ಶಿಥಿಲವಾದ ಕಲ್ಲಿನ ದಪ್ಪ ಪದರ, ಅದರ ಕೆಳಗೆ ಬಿರುಕುಗಳುಳ್ಳ ಗಟ್ಟಿ ಬಂಡೆ. ಬೆಟ್ಟದ ಉಗ್ರಾಣ ಇದೇ.

ನೀರು ಹೀಗೆ ಕಲ್ಲಿನೊಳಗೂ ಇಳಿಯುವುದೆಂಬುದಕ್ಕೆ ಸಾಕ್ಷಿ ದಾಂಡೇಲಿಯ ಕಾಡಿನ ಕವಳಾ ಗುಹೆಯಲ್ಲಿದೆ. ಅಲ್ಲಿ ಸುಣ್ಣಕಲ್ಲನ್ನು ಕರಗಿಸಿಕೊಂಡು ತೊಟ್ಟಿಕ್ಕುವ ನೀರು, ಹನಿಹನಿಯಾಗಿ ಸುಣ್ಣವನ್ನು ಕೆಳಗೆ ಬಿಟ್ಟು, ಲಿಂಗದ ಆಕಾರದ ಕಲ್ಲೊಂದನ್ನು ಬೆಳೆಸಿದೆ. ಶಿವರಾತ್ರಿಯಲ್ಲಿ ಜನ ಅದನ್ನು ಪೂಜಿಸುತ್ತಾರೆ. ಶಿವರಾತ್ರಿ ಬರುವುದು ಮಳೆಗಾಲ ಮುಗಿದು ತಿಂಗಳುಗಳಾದ ಮೇಲೆ ಎಂಬುದನ್ನು ವಾಚಕರು ನೆನೆಯಬೇಕು.

ನೆಲದೊಳಗೆ ನೀರು ಎಷ್ಟು ಬೇಗ ಸಾಗುತ್ತದೆ? ಫ್ರಾನ್ಸಿನ ದಿಜೋನ್ ನಗರಕ್ಕೆ ನೀರೊದಗಿಸಿದ ಹೆನ್ರಿ ದಾರ್ಸಿ ಎಂಬ ಎಂಜಿನಿಯರನು ಮರಳು ತುಂಬಿದ ಕೊಳವೆಯ ಮೂಲಕ ನೀರು ಹರಿಸಿ, ೧೮೫೬ರಲ್ಲಿ ಇದರ ನಿಯಮವನ್ನು ಪ್ರಕಟಿಸಿದನು. ನೀರಿನ ಮಟ್ಟಗಳ ಅಂತರ ಹೆಚ್ಚಿದಷ್ಟೂ ಹರಿವು ಹೆಚ್ಚು. ಸಾಗಬೇಕಾದ ದಾರಿ ಉದ್ದವಾದಷ್ಟೂ ಕಡಮೆ. ಉಳಿದದ್ದು ಆ ಪದಾರ್ಥದ ಗುಣವನ್ನು ಅವಲಂಬಿಸುತ್ತದೆ. ಶಿಥಿಲವಾದ ಕಲ್ಲಿನಲ್ಲಿ ನೀರು ದಿನಕ್ಕೆ ಎರಡು ಮೀಟರು ಸರಿಯಿತೆಂದರೆ, ಹಳ್ಳದಿಂದ ಮುನ್ನೂರು ಮೀಟರು ಮೇಲೆ ಇಂಗಿದ ಮಳೆಗೆ ಹಳ್ಳ ಮುಟ್ಟಲು ೧೫೦ ದಿನ ಹಿಡಿಯುತ್ತದೆ. ಸೆಪ್ಟೆಂಬರಿನ ಮಳೆ ಫೆಬ್ರವರಿಯಲ್ಲಿ ಹಳ್ಳಕ್ಕೆ ಬಂತು! ಹತ್ತಿರದ ನೀರು ಮೊದಲು, ದೂರದ್ದು ಬಳಿಕ ಬರುವುದರಿಂದ ಹಳ್ಳ ಒಮ್ಮೆಗೇ ಬತ್ತದೆ ಮೆಲ್ಲಮೆಲ್ಲನೆ ಸೊರಗುತ್ತದೆ.

ಇಂಗಿಸುವ ಶಕ್ತಿ ಎಲ್ಲ ನೆಲಕ್ಕೂ ಒಂದೇ ಅಲ್ಲ ಎಂಬುದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಎರಡೂ ಕಡೆ ತೆರೆದಿರುವ ಒಂದು ಡಬ್ಬಿಯನ್ನು ನೆಲಕ್ಕೆ ಎರಡು ಬೆರಳಿನಷ್ಟು ಒತ್ತಿ, ಅದರಲ್ಲಿ ಒಂದು ಲೀಟರು ನೀರು ಹೊಯ್ದು, ಇಂಗಲು ಎಷ್ಟು ಹೊತ್ತಾಯಿತೆಂದು ನೋಡಬೇಕು. ಮರದ ಬುಡದ ತರಗಿನ ನೆಲದಲ್ಲಿ ಒಮ್ಮೆ, ದನಗಳು ತುಳಿದು ಗಟ್ಟಿಯಾದ ಕಾಲುದಾರಿಯಲ್ಲಿ ಇನ್ನೊಮ್ಮೆ ಮಾಡಿದರೆ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ಇಂಗದ ನೀರು ಮೇಲೆಯೇ ಹರಿದು, ಒಂದೇ ದಿನದಲ್ಲಿ ಕೆಂಪು ಪ್ರವಾಹವಾಗಿ ಹೊರಟುಹೋಗುತ್ತದೆ.

ಮರ ನೀರು ತರುವುದೆ, ಕುಡಿಯುವುದೆ?

ಕಾಡಿದ್ದರೆ ನೀರುಂಟು ಎಂದು ನಾವೆಲ್ಲ ಹೇಳುತ್ತೇವೆ. ಆದರೆ ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಹಾಗೆಯೇ ಒಪ್ಪಿಬಿಡಬಾರದು. ಮರವೂ ನೀರನ್ನು ಕುಡಿದು ಎಲೆಗಳ ಮೂಲಕ ಆವಿಯಾಗಿ ಬಿಡುತ್ತದೆ. ಬೇಸಗೆಯಲ್ಲಿ ದಡದ ಮರಗಳು ನೀರೆಳೆಯುವುದರಿಂದ ಸಣ್ಣ ಹಳ್ಳಗಳು ಹಗಲು ಹೊತ್ತು ತುಸು ಇಳಿದು, ಬೆಳಗಾಗುವುದರೊಳಗೆ ಮತ್ತೆ ಏರುವುದುಂಟು. ಬಾಷ್ ಮತ್ತು ಹ್ಯೂಲೆಟ್ ಎಂಬ ವಿಜ್ಞಾನಿಗಳು ೧೯೮೨ರಲ್ಲಿ ಜಗತ್ತಿನ ಬೇರೆಬೇರೆ ಕಡೆ ನಡೆದ ೯೪ ಜಲಾನಯನ ಪ್ರಯೋಗಗಳನ್ನು ಪರಿಶೀಲಿಸಿ, ಕಾಡು ಕಡಿದಲ್ಲಿ ಹಳ್ಳದ ವರ್ಷದ ಒಟ್ಟು ನೀರು ಸಾಮಾನ್ಯವಾಗಿ ಹೆಚ್ಚುತ್ತದೆಂದು ತೋರಿಸಿದರು.

ಹಾಗಾದರೆ ಹಿರಿಯರ ಮಾತು ಸುಳ್ಳೆ? ಅಲ್ಲ. ವರ್ಷದ ಒಟ್ಟು ನೀರು ಬೇರೆ, ಬೇಸಗೆಯ ನೀರು ಬೇರೆ. ನಾಲ್ಕು ತಿಂಗಳಲ್ಲಿ ವರ್ಷದ ಮಳೆಯೆಲ್ಲ ಸುರಿದುಹೋಗುವ ನಮ್ಮ ನಾಡಿನಲ್ಲಿ ಮುಖ್ಯವಾದದ್ದು ಇಂಗುವ ನೀರಿಗೂ ಮರ ಕುಡಿಯುವ ನೀರಿಗೂ ಇರುವ ಅಂತರ. ಹಳೆಯ ಕಾಡಿನ ನೆಲ ಇಂಗಿಸುವ ನೀರು ಅದರ ಮರಗಳು ಕುಡಿಯುವುದಕ್ಕಿಂತ ಹೆಚ್ಚಾಗಿದ್ದರೆ ಹಳ್ಳಕ್ಕೆ ಲಾಭ. ಸವೆದು ಗಟ್ಟಿಯಾದ ನೆಲದಲ್ಲಿ ಒಮ್ಮೆಲೇ ವೇಗವಾಗಿ ಬೆಳೆಯುವ ಮರಗಳನ್ನು ನೆಟ್ಟರೆ, ನೆಲ ಸುಧಾರಿಸುವ ಮೊದಲೇ ಮರ ಕುಡಿಯಲು ತೊಡಗುತ್ತದೆ, ಆಗ ನಷ್ಟ. ಉತ್ತರ ಕನ್ನಡದ ಸಣ್ಣ ಜಲಾನಯನಗಳಲ್ಲಿ ನಡೆದ ಅಳತೆಗಳಲ್ಲಿ, ಸಹಜ ಕಾಡಿಗಿಂತ ಹಾಳಾದ ಕಾಡಿನಲ್ಲಿ ಮಳೆಯ ಹೆಚ್ಚಿನ ಭಾಗ ಕೂಡಲೇ ಪ್ರವಾಹವಾಗಿ ಹರಿದುಹೋಗುವುದು ಕಂಡುಬಂದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಕಾಳಿಯ ಕಣಿವೆಯನ್ನು ಪರಿಶೀಲಿಸಿ, ಸ್ಥಳೀಯ ಜಾತಿಯ ಮರಗಳು ಹೆಚ್ಚಾಗಿ ಉಳಿದಿರುವ ಜಲಾನಯನಗಳಲ್ಲಿಯೇ ಹಳ್ಳಗಳು ವರ್ಷವಿಡೀ ಹರಿಯುತ್ತವೆಂದು ವರದಿ ಮಾಡಿದ್ದಾರೆ. ಆದುದರಿಂದ ಹಳ್ಳಕ್ಕೆ ಬೇಕಾದದ್ದು ಎಷ್ಟು ಮರ ಎಂಬುದಕ್ಕಿಂತ ಎಂಥ ನೆಲ ಎಂಬುದು.

ನೀರಿನಲ್ಲಿರುವವರು

ಹಳ್ಳದ ದಡದ ನೆರಳಿಗೂ ಬೆಲೆಯುಂಟು. ನೀರಿನ ಜೀವಿಗಳು ಉಸಿರಾಡುವುದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು. ೨೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ಲೀಟರು ನೀರು ಸುಮಾರು ೯ ಮಿಲಿಗ್ರಾಮಿನಷ್ಟು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. ೩೦ ಡಿಗ್ರಿಯಲ್ಲಿ ಸುಮಾರು ಏಳೂವರೆ ಮಾತ್ರ. ದಡದ ಮರ ಕಡಿದು ಬಿಸಿಲು ಬಿದ್ದರೆ ಜೀವಿಗಳ ಉಸಿರೇ ಕಡಮೆಯಾದಂತೆ. ನೆರಳಿನ ಹಳ್ಳದಲ್ಲಿ ಪಾಚಿ ಹೆಚ್ಚು ಬೆಳೆಯದು. ಅಲ್ಲಿಯ ಊಟವೆಂದರೆ ಮರದಿಂದ ಉದುರಿದ ಎಲೆ. ಎಲೆಯನ್ನು ಏಡಿಗಳೂ ಹುಳುಗಳೂ ಹರಿದು ತಿನ್ನುತ್ತವೆ, ಅವುಗಳನ್ನು ಮೀನು, ಮೀನನ್ನು ನೀರುನಾಯಿ. ಈ ಜಿಲ್ಲೆಯ ಕಾಡುಹಳ್ಳಗಳ ಬದಿಯಲ್ಲಿ ಬಾಳುವ, ೨೦೧೪ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಕುಂಬಾರ ಕಪ್ಪೆಯ ಗಂಡು, ಮುಂಗಾಲುಗಳಿಂದ ಹಳ್ಳದ ಕೆಸರನ್ನು ತೆಗೆದು ಮೊಟ್ಟೆಗಳಿಗೆ ಮೆತ್ತಿ ಕಾಪಾಡುತ್ತದೆ. ದಡದ ದೊಡ್ಡ ಮರಗಳ ಪೊಟರೆಗಳಲ್ಲಿ ಮಂಗಟ್ಟೆ ಹಕ್ಕಿಗಳು ಗೂಡು ಮಾಡುತ್ತವೆ. ಅತ್ತಿಯ ಹಣ್ಣು ಅವುಗಳಿಗೆ ಪ್ರಿಯ. ದಾಂಡೇಲಿಯ ಸುತ್ತ ನಾಲ್ಕು ಜಾತಿಯ ಮಂಗಟ್ಟೆಗಳಿದ್ದು, ೨೦೧೧ರಲ್ಲಿ ಅವುಗಳಿಗಾಗಿಯೇ ಒಂದು ಸಂರಕ್ಷಿತ ಪ್ರದೇಶವನ್ನು ಘೋಷಿಸಲಾಯಿತು.

ದಡದಲ್ಲಿರುವವರು

ಹಳ್ಳದ ದಡದಲ್ಲಿ ಮನುಷ್ಯರೂ ಬಹುಕಾಲದಿಂದ ಇದ್ದಾರೆ. ಜೋಯಿಡಾದ ಕುಣಬಿಗಳು ಹಿಂದೆ ಬೆಟ್ಟದ ಇಳಿಜಾರಿನಲ್ಲಿ ಕುಮರಿ ಬೇಸಾಯ ಮಾಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಆಡಳಿತವು ಅದನ್ನು ನಿರ್ಬಂಧಿಸಿತು. ಇಂದು ಅವರು ಕಣಿವೆಯ ತಳದ ಗದ್ದೆಗಳಲ್ಲಿ ಭತ್ತವನ್ನೂ ಮನೆಯ ಹಿತ್ತಿಲಲ್ಲಿ ಬಗೆಬಗೆಯ ಗಡ್ಡೆಗೆಣಸುಗಳನ್ನೂ ಬೆಳೆಯುತ್ತಾರೆ. ಜೋಯಿಡಾದ ಗಡ್ಡೆಗೆಣಸು ಮೇಳ ಈಗ ಹೆಸರಾಗಿದೆ. ಹಳಿಯಾಳ, ಮುಂಡಗೋಡುಗಳ ಕಾಡಂಚಿನ ಗೌಳಿಗರು ಎಮ್ಮೆ ಸಾಕಿ ಬಾಳುತ್ತಾರೆ. ಆಫ್ರಿಕಾ ಮೂಲದ ಸಿದ್ದಿಗಳು ಹಳಿಯಾಳ, ಮುಂಡಗೋಡು, ಯಲ್ಲಾಪುರಗಳ ಕಾಡಿನ ಹಳ್ಳಿಗಳಲ್ಲಿ ಸಣ್ಣ ಬೇಸಾಯ, ಕೂಲಿ, ಕಾಡುತ್ಪನ್ನಗಳಿಂದ ಜೀವಿಸುತ್ತಾರೆ. ೨೦೦೩ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಮುಂಡಗೋಡಿನಲ್ಲಿ ೧೯೬೬ರಿಂದ ಟಿಬೆಟಿನ ನಿರಾಶ್ರಿತರು ನೆಲೆಸಿ, ಕಾಡಿನ ನೆಲದಲ್ಲಿ ಹೊಲಗಳನ್ನು ಮಾಡಿಕೊಂಡಿದ್ದಾರೆ.

ಇವರೆಲ್ಲ ಹಳ್ಳದ ನೀರನ್ನು ಬರಿದು ಮಾಡುತ್ತಾರೆಂಬ ಮಾತು ಆಗಾಗ ಕೇಳಿಬರುತ್ತದೆ. ಮಾತನ್ನು ಬಿಟ್ಟು ಲೆಕ್ಕ ನೋಡೋಣ. ನಮ್ಮ ಕಲ್ಪನೆಯ ಹಳ್ಳದ ದಡದಲ್ಲಿ ೫೦೦ ಜನರಿದ್ದು, ಸರಕಾರ ಹಳ್ಳಿಗಳಿಗೆ ಗೊತ್ತುಮಾಡಿರುವಂತೆ ತಲೆಗೆ ದಿನಕ್ಕೆ ೫೫ ಲೀಟರು ಬಳಸಿದರೆ ೨೭,೫೦೦ ಲೀಟರಾಯಿತು. ನೂರು ಎಮ್ಮೆಗಳು ತಲಾ ೬೦ ಲೀಟರು ಕುಡಿದರೆ ೬,೦೦೦ ಲೀಟರು. ಎರಡೂ ಸೇರಿ ೩೩,೫೦೦ ಲೀಟರು. ಹಳ್ಳದ ದಿನದ ನೀರು ೧೭,೨೮,೦೦೦ ಲೀಟರು ಎಂಬುದನ್ನು ನೆನಪಿಸಿಕೊಂಡರೆ, ಇದು ನೂರರಲ್ಲಿ ಎರಡು ಪಾಲೂ ಅಲ್ಲ. ಎಮ್ಮೆಗಳಿಂದ ಹಳ್ಳಕ್ಕೆ ತೊಂದರೆಯಾಗುವುದಾದರೆ ಅವು ಕುಡಿಯುವುದರಿಂದಲ್ಲ, ಒಂದೇ ಜಾಗದಲ್ಲಿ ನಿತ್ಯವೂ ದಡವನ್ನು ತುಳಿಯುವುದರಿಂದ.

ಈಗ ಪಂಪಿನ ಲೆಕ್ಕ. ಐದು ಅಶ್ವಶಕ್ತಿಯ ಪಂಪು ನೀರನ್ನು ಇಪ್ಪತ್ತು ಮೀಟರು ಎತ್ತರಕ್ಕೆ ಏರಿಸುವಾಗ ಸೆಕೆಂಡಿಗೆ ಸುಮಾರು ೧೦ ಲೀಟರು ಕೊಡುತ್ತದೆ. ಎರಡು ಪಂಪುಗಳು ಒಟ್ಟಿಗೆ ತಿರುಗಿದರೆ, ತಿರುಗುವಷ್ಟು ಹೊತ್ತು ಕೆಳಗಿನ ಹಳ್ಳ ಒಣಗಿದಂತೆಯೇ. ಅಂಥ ಪಂಪೊಂದು ದಿನಕ್ಕೆ ಆರು ಗಂಟೆ ನಡೆದರೆ ೨,೧೬,೦೦೦ ಲೀಟರು. ಎಂಟು ಪಂಪುಗಳಾದರೆ ಹಳ್ಳದ ಇಡೀ ದಿನದ ನೀರು ಮುಗಿಯಿತು! ಬೇಸಗೆಯಲ್ಲಿಯೂ ನೀರು ಬೇಡುವ ಬೆಳೆಗಳ ಆಸೆ ನಮ್ಮೆಲ್ಲರಿಗೂ ಇದೆ. ಹಳಿಯಾಳದ ಸುತ್ತ ಕಬ್ಬಿನ ಬೆಳೆ ಹರಡಿರುವುದನ್ನು ಎಲ್ಲರೂ ಬಲ್ಲರು. ರೈತನು ಬೆಳೆ ಉಳಿಸಿಕೊಳ್ಳಲು ನೀರೆತ್ತುವುದು ಅಪರಾಧವಲ್ಲ. ಆದರೆ ಮೇಲಿನ ಹೊಲದವನು ಎತ್ತಿದ ನೀರು ಕೆಳಗಿನ ಊರಿನದೂ ಆಗಿತ್ತು ಎಂಬ ಲೆಕ್ಕ ಎಲ್ಲರ ಮುಂದೆ ಇರಬೇಕು. ಲೆಕ್ಕವಿಲ್ಲದೆ ನಡೆಯುವ ಮಾತುಕತೆ ಜಗಳವಾಗುತ್ತದೆ.

ಗಡಿಯ ಗೆರೆಯೂ ನೀರಿನ ಗೆರೆಯೂ

ಈ ಭಾಗದಲ್ಲಿ ಕಾಡನ್ನು ಕಾಯುವ ಪ್ರಯತ್ನಗಳು ಕಡಮೆಯಲ್ಲ. ದಾಂಡೇಲಿಯ ವನ್ಯಧಾಮ ಘೋಷಿತವಾದದ್ದು ೧೯೫೬ರಲ್ಲಿ. ೧೯೮೭ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವಾಯಿತು. ೨೦೦೭ರಲ್ಲಿ ಇವೆರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶವಾದುವು. ೨೦೧೫ರಲ್ಲಿ ಅದಕ್ಕೆ ಕಾಳಿಯ ಹೆಸರನ್ನೇ ಇಡಲಾಯಿತು. ಮುಂಡಗೋಡಿನ ಅತ್ತಿವೇರಿಯಲ್ಲಿ ನೀರಾವರಿಗಾಗಿ ಕಟ್ಟಿದ ಜಲಾಶಯವೇ ಪಕ್ಷಿಧಾಮವಾಗಿದೆ. ನೀರಿಗಾಗಿ ನೆಲ ತೆತ್ತ ಬೆಲೆಯೂ ಕಡಮೆಯದಲ್ಲ. ಪಾಂಢರಿಯು ಕಾಳಿಯನ್ನು ಕೂಡುವಲ್ಲಿ ಕಟ್ಟಿದ, ೧೦೧ ಮೀಟರು ಎತ್ತರದ ಅಣೆಕಟ್ಟಿನ ಹಿಂದೆ ಸೂಪಾ ಪಟ್ಟಣವೇ ಮುಳುಗಿತು. ತಾಲೂಕಿನ ಕೇಂದ್ರ ಜೋಯಿಡಾಕ್ಕೆ ಬಂತು.

ಆದರೆ ವನ್ಯಧಾಮದ ಗಡಿಯನ್ನು ಎಳೆದವರು ಸರ್ವೆಯವರು. ಹಳ್ಳದ ಗಡಿಯನ್ನು ಎಳೆದದ್ದು ಬೆಟ್ಟದ ನೆತ್ತಿ. ಎರಡೂ ಒಂದೇ ಆಗಿರುವುದು ಅಪರೂಪ. ಊರಿನ ಬೆಟ್ಟದಲ್ಲಿ ಹುಟ್ಟಿದ ಹಳ್ಳ ಕಾಯ್ದಿಟ್ಟ ಕಾಡಿನೊಳಕ್ಕೆ ಹರಿಯಬಹುದು. ಕಾಡಿನಲ್ಲಿ ಹುಟ್ಟಿದ್ದು ಊರಿನ ಗದ್ದೆಗೆ ಬರಬಹುದು. ಮೊದಲನೆಯ ಹಳ್ಳ ಬತ್ತಿದರೆ ಕಡವೆ, ಕಾಡುಕೋಣಗಳು ಮಡುಗಳನ್ನು ಬಿಟ್ಟು ಊರಿನ ಕೆರೆಗೆ ಬರುತ್ತವೆ, ಅವುಗಳ ಹಿಂದೆ ಚಿರತೆಯೂ ಬರುತ್ತದೆ. ಎರಡನೆಯದು ಬತ್ತಿದರೆ ಊರಿನ ಹೆಂಗಸರು ಕೊಡ ಹೊತ್ತು ಕಾಡಿನತ್ತ ನಡೆಯಬೇಕು. ಕಾಡು ಬೇರೆ, ಊರು ಬೇರೆ ಎಂದು ನಾವು ಕಾಗದದ ಮೇಲೆ ಬರೆದರೂ ಹಳ್ಳಕ್ಕೆ ಅದು ತಿಳಿಯದು.

ನಮ್ಮ ಕಾನೂನು ಇದನ್ನು ಸ್ವಲ್ಪಮಟ್ಟಿಗೆ ಗುರುತಿಸಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕಾಡನ್ನು ಕಾಯುವ ಅಧಿಕಾರವನ್ನು ಇಲಾಖೆಗೆ ಕೊಟ್ಟಿತು. ೨೦೦೬ರ ಅರಣ್ಯ ಹಕ್ಕು ಕಾಯಿದೆಯ ೫ನೆಯ ಕಲಮು, ಹಕ್ಕು ಪಡೆದ ಕಾಡುವಾಸಿಗಳಿಗೂ ಅವರ ಗ್ರಾಮಸಭೆಗೂ ಸುತ್ತಲಿನ ಜಲಾನಯನ ಪ್ರದೇಶವನ್ನೂ ನೀರಿನ ಮೂಲಗಳನ್ನೂ ಕಾಯುವ ಅಧಿಕಾರವನ್ನು ಕೊಟ್ಟಿದೆ. ಆದರೆ ಹಕ್ಕು ಪಡೆಯುವ ದಾರಿ ಎಲ್ಲರಿಗೂ ಒಂದೇ ಅಲ್ಲ. ಪರಿಶಿಷ್ಟ ಪಂಗಡದವರಲ್ಲದವರು ತಮ್ಮ ಮೂರು ತಲೆಮಾರು, ಎಂದರೆ ೭೫ ವರ್ಷ, ಆ ಕಾಡಿನಲ್ಲಿಯೇ ಬಾಳಿತ್ತೆಂದು ತೋರಿಸಬೇಕು. ಪರಿಶಿಷ್ಟ ಪಂಗಡಕ್ಕೆ ತಮ್ಮನ್ನು ಸೇರಿಸಬೇಕೆಂದು ಕುಣಬಿಗಳೂ ಗೌಳಿಗರೂ ಬಹುಕಾಲದಿಂದ ಕೇಳುತ್ತ ಬಂದಿರುವುದಕ್ಕೆ ಇದೂ ಒಂದು ಕಾರಣ. ಹಳ್ಳದ ಮೇಲ್ದಂಡೆಯಲ್ಲಿ ಇರುವವರಿಗೆ ಹಳ್ಳವನ್ನು ಕಾಯುವ ಅಧಿಕಾರವೂ ಹೊಣೆಯೂ ಇಲ್ಲದೆ ಹೋದರೆ, ಕೆಳಗಿನ ಕಾವಲುಗಾರ ಒಬ್ಬನೇ ಏನು ಮಾಡಿಯಾನು?

ಮಾಡಬೇಕಾದ ಕೆಲಸಗಳೇನೂ ನಿಗೂಢವಲ್ಲ. ದಡದ ಮರಗಳನ್ನು ಎರಡೂ ಬದಿಯಲ್ಲಿ ಉಳಿಸುವುದು. ತರಗಿಗೆ ಬೆಂಕಿ ಬೀಳದಂತೆ ನೋಡಿಕೊಳ್ಳುವುದು. ದನಗಳು ನೀರಿಗಿಳಿಯುವ ಜಾಗವನ್ನು ಕಲ್ಲು ಹಾಸಿ ಗೊತ್ತುಮಾಡುವುದು. ಮಳೆಗಾಲ ಮುಗಿದ ಮೇಲೆ ಹಿರಿಯರು ಮಾಡುತ್ತಿದ್ದಂತೆ ಕಲ್ಲುಮಣ್ಣಿನ ತಾತ್ಕಾಲಿಕ ಒಡ್ಡು ಕಟ್ಟಿ ನೀರನ್ನು ನಿಧಾನಗೊಳಿಸುವುದು. ಬೇಸಗೆಯಲ್ಲಿ ಎಷ್ಟು ಪಂಪು, ಎಷ್ಟು ಹೊತ್ತು ಎಂಬುದನ್ನು ಊರವರು ಕೂಡಿ ನಿಶ್ಚಯಿಸುವುದು. ಬೇಕಾದದ್ದು ಮಳೆಯ ಎಪ್ಪತ್ತೇಳರಲ್ಲಿ ಒಂದು ಪಾಲು ಮಾತ್ರ ಎಂಬುದನ್ನು ಮರೆಯದಿದ್ದರೆ ಈ ಕೆಲಸ ಅಸಾಧ್ಯವೆಂದು ತೋರದು.

ಇವೆಲ್ಲಕ್ಕೂ ಮೊದಲು ಬೇಕಾದದ್ದು ಅಳತೆ. ದೊಡ್ಡ ನದಿಗಳಲ್ಲಿ ಸರಕಾರದ ಮಾಪನ ಕೇಂದ್ರಗಳಿರುತ್ತವೆ. ಸಣ್ಣ ಹಳ್ಳಗಳನ್ನು ಅಳೆಯುವವರು ವಿರಳ. ಹಳಿಯಾಳದ, ದಾಂಡೇಲಿಯ, ಜೋಯಿಡಾದ, ಮುಂಡಗೋಡಿನ ಒಂದೊಂದು ಪ್ರೌಢಶಾಲೆಯೂ ಕಾಲೇಜೂ ಒಂದೊಂದು ಹಳ್ಳವನ್ನು ಆರಿಸಿಕೊಂಡು, ಡಿಸೆಂಬರಿನಿಂದ ಮೇ ತಿಂಗಳವರೆಗೆ ಪ್ರತಿ ತಿಂಗಳ ಮೊದಲ ಶನಿವಾರ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಕಡ್ಡಿ ತೇಲಿಬಿಟ್ಟು ಅಳೆಯಲಿ. ಅಗಲ, ಆಳ, ವೇಗ, ದಿನಾಂಕ ಇವಿಷ್ಟನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಲಿ. ನೀರು ನಿಂತುಹೋದ ದಿನವನ್ನಂತೂ ತಪ್ಪದೆ ಬರೆಯಲಿ. ಹತ್ತು ವರ್ಷಗಳಾದ ಮೇಲೆ ಆ ಪುಸ್ತಕವನ್ನು ತೆರೆದವರಿಗೆ, ತಮ್ಮ ಊರಿನ ನೆಲ ನೀರನ್ನು ಹಿಡಿಯುವುದನ್ನು ಕಲಿಯುತ್ತಿದೆಯೋ ಮರೆಯುತ್ತಿದೆಯೋ ಎಂಬುದು ತಿಳಿಯುತ್ತದೆ. ಹೊಸದಾಗಿ ಅಳೆಯಲು ಹೊರಡುವವರು ಬರುವ ಡಿಸೆಂಬರಿನಲ್ಲಿಯೇ ಆರಂಭಿಸಬಹುದು.